ನಾನು ಒತ್ತದ ಗುಂಡಿ

ಕಲಾವತಿಯ ಅಕಾರ್ಡಿಯನ್ ಯಾವತ್ತೂ ಏನನ್ನೂ ಮರೆಯಲಿಲ್ಲ. ಅದು ಮರೆಯುತ್ತದೆ ಎಂದು ಆಕೆಗೆ ಹೇಳಿದವನು ನಾನು. ಎರಡು ವರ್ಷ, ಗುರುವಾರಕ್ಕೊಮ್ಮೆ, ಆಕೆ ಕೊಟ್ಟ ಚಹಾ ಕುಡಿಯುತ್ತ ಹೇಳಿದೆ. ಹಾಕಿಕೊಟ್ಟ ಸೆಟ್ಟಿಂಗು ಉಳಿಯಬೇಕಾದರೆ ಅದರ ಬದಿಯಲ್ಲಿದ್ದ ಒಂದು ಸಣ್ಣ ಗುಂಡಿಯನ್ನು ಎರಡು ಸೆಕೆಂಡು ಒತ್ತಿ ಹಿಡಿಯಬೇಕಿತ್ತು. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ನಾನು ಒತ್ತಲಿಲ್ಲ.

ನಾನು ಚನ್ನಬಸಪ್ಪ. ಅಣ್ಣಿಗೇರಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಂಪ್ಲಿಫೈಯರ್, ಮೈಕು, ಕೀಬೋರ್ಡ್ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಹದಿನಾಲ್ಕು ವರ್ಷ ಕೀಬೋರ್ಡ್ ನುಡಿಸಿದೆ. ಹೆಂಡತಿ ತೀರಿಕೊಂಡ ಮೇಲೆ ನುಡಿಸುವುದನ್ನು ಬಿಟ್ಟೆ. ಬಿಟ್ಟೆ ಎಂದರೂ ತಪ್ಪಾದೀತು — ಒಂದು ದಿನ ನುಡಿಸಲಿಲ್ಲ, ಮರುದಿನವೂ ಮನಸ್ಸಾಗಲಿಲ್ಲ, ಹಾಗೇ ನಾಲ್ಕು ವರ್ಷ ಹೋಯಿತು.

ಕಲಾವತಿ ಶಲವಡಿಯವಳು. ಅಣ್ಣ ಶೇಖಪ್ಪನ ಮನೆಯಲ್ಲಿದ್ದು ಜಂಪರು ಹೊಲಿಯುತ್ತಿದ್ದಳು. ವಯಸ್ಸು ಮೂವತ್ತೆಂಟರ ಆಚೀಚೆ. ಮದುವೆಯಾಗಿರಲಿಲ್ಲ, ಯಾಕೆಂದು ನಾನು ಕೇಳಿದವನೂ ಅಲ್ಲ. ಆಕೆಯ ತಂದೆ ಒಂದು ಕಾಲಕ್ಕೆ ಮದುವೆ ಬ್ಯಾಂಡಿನಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದರು. ಮಗಳಿಗೂ ಕಲಿಸಿದ್ದರು. ಅವರ ಅಕಾರ್ಡಿಯನ್ನಿನ ತಿದಿ ಹರಿದು, ಒಳಗೆ ಸ್ವರ ಹೊರಡಿಸುವ ಪತ್ತಿಗಳು ತುಕ್ಕು ಹಿಡಿದು ಅದು ಪೂರ್ತಿ ಮೂಕವಾದಾಗ, ಆಕೆ ಹುಬ್ಬಳ್ಳಿಯ ಒಬ್ಬ ವಯಸ್ಸಾದ ವಾದಕರಿಂದ ಒಂದು ಡಿಜಿಟಲ್ ಅಕಾರ್ಡಿಯನ್ ತಂದುಕೊಂಡಳು. ತಂದ ಮೇಲೆ ಅಣ್ಣನ ಜೊತೆ ನನ್ನ ಅಂಗಡಿಗೆ ಬಂದಳು.

ಆಕೆಯ ಬೇಡಿಕೆ ಸರಳವಾಗಿತ್ತು. ಆ ವಾದ್ಯದೊಳಗೆ ಇದ್ದದ್ದೆಲ್ಲ ಪರದೇಶದ ನಾದಗಳು. ಆಕೆಗೆ ವಚನ, ತತ್ತ್ವಪದ ನುಡಿಸಲು ನಮ್ಮ ಹಾರ್ಮೋನಿಯಂ ಬೇಕಿತ್ತು, ಕೊಳಲು ಬೇಕಿತ್ತು, ಶಹನಾಯಿ ಬೇಕಿತ್ತು. ನನ್ನ ಬಳಿ ಆರ್ಕೆಸ್ಟ್ರಾ ಕಾಲದ ಒಂದು ಸೌಂಡ್ ಮಾಡ್ಯೂಲ್ ಇತ್ತು — ನೂರಾರು ವಾದ್ಯಗಳ ನಾದ ತುಂಬಿದ ಡಬ್ಬಿ ಎಂದುಕೊಳ್ಳಿ. ಅದರಲ್ಲಿ ಪ್ರತಿಯೊಂದು ನಾದಕ್ಕೂ ಒಂದು ನಂಬರು. ಅಕಾರ್ಡಿಯನ್ನಿನಿಂದ ಡಬ್ಬಿಗೆ ಮಿಡಿ ಕೇಬಲ್ ಎಳೆದು, ಯಾವ ಗುಂಡಿ ಒತ್ತಿದರೆ ಯಾವ ನಂಬರು ಹೋಗಬೇಕೆಂದು ಮೊದಲೇ ಹೇಳಿಟ್ಟರೆ ಆಯಿತು. ನುಡಿಸುತ್ತಲೇ ಗುಂಡಿ ಒತ್ತಿದರೆ ಹಾರ್ಮೋನಿಯಂ ಹೋಗಿ ಕೊಳಲು ಬರುತ್ತದೆ. ಇದಕ್ಕೆ ನಮ್ಮಲ್ಲಿ ಪ್ರೋಗ್ರಾಂ ಚೇಂಜ್ ಅನ್ನುತ್ತಾರೆ. ಬುಧವಾರ, ಭಾನುವಾರ ಅಂಗಡಿಗೆ ಗಿರಾಕಿ ಹೆಚ್ಚು. ಗುರುವಾರ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಶಲವಡಿಯ ಮನೆಗೇ ಬರುತ್ತೇನೆ ಎಂದೆ.

ಆ ಮೊದಲ ಗುರುವಾರ ಒಂದು ತಮಾಷೆ ನಡೆಯಿತು. ಶಹನಾಯಿಯ ನಂಬರು ನೂರಾ ಹನ್ನೆರಡು. ಹಾಕಿದೆ. ಆಕೆ ನುಡಿಸಿದರೆ ಟಿಣಿಟಿಣಿ ಎಂದು ಗಂಟೆ ಬಾರಿಸಿತು. ಕೇಬಲ್ ಬದಲಿಸಿದೆ, ಚಾನೆಲ್ ನೋಡಿದೆ. ಮತ್ತೆ ಗಂಟೆ. ಹದಿನಾಲ್ಕು ವರ್ಷ ಕೀಬೋರ್ಡ್ ನುಡಿಸಿದವನ ಹಣೆಯಲ್ಲಿ ಬೆವರು ಬಂತು. ಆಕೆ ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ ನೋಡುತ್ತಿದ್ದಳು. ಆಮೇಲೆ, ಟೇಪಿನ ತುದಿ ಅಂದರೆ ಸೊನ್ನೆ, ಒಂದು ಅಂತ ಬರೆದಿರುವುದು ಒಂದು ಇಂಚು ದಾಟಿದ ಮೇಲೆ, ಇದೂ ಹಾಗೆ ಸೊನ್ನೆಯಿಂದ ಎಣಿಸುತ್ತಿರಬಹುದು, ಒಂದು ಕಡಿಮೆ ಹಾಕಿ ನೋಡಿ ಎಂದಳು. ನೂರಾ ಹನ್ನೊಂದು ಹಾಕಿದೆ. ಶಹನಾಯಿ.

ಇಬ್ಬರೂ ನಕ್ಕೆವು. ಒಳಗಿನಿಂದ ಆಕೆಯ ಅತ್ತಿಗೆ ಬಂದು ಏನಾಯಿತೆಂದು ಕೇಳುವಷ್ಟು ನಕ್ಕೆವು. ಆ ನಗುವಿನ ನಂತರ ಆಕೆ ಒಂದು ವಚನ ನುಡಿಸಿದಳು. ನಾಲ್ಕು ವರ್ಷದಿಂದ ನನ್ನ ಕಿವಿಗೆ ಬಿದ್ದದ್ದೆಲ್ಲ ಕೆಟ್ಟ ಸ್ಪೀಕರುಗಳ ಗೊರಗೊರ ಸದ್ದು. ತಿದಿ ಎಳೆಯುವಾಗ ಆಕೆ ತುಸು ಬಲಕ್ಕೆ ವಾಲುತ್ತಿದ್ದಳು, ಯಾರೋ ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಳ್ಳುವವರ ಹಾಗೆ. ಕಿಟಕಿಯಾಚೆ ಹೆಸರುಕಾಳಿನ ಹೊಲ. ನನಗೆ ಏಳುವ ಮನಸ್ಸೇ ಆಗಲಿಲ್ಲ.

ಇನ್ನು ಉಳಿದದ್ದು ಆ ಗುಂಡಿ ಒತ್ತುವುದು ಮಾತ್ರ. ಒತ್ತಿದರೆ ಕೆಲಸ ಮುಗಿಯಿತು. ಮತ್ತೆ ಶಲವಡಿಗೆ ಬರಲು ನನಗೇನು ನೆಪ? ಕೈ ಅಲ್ಲಿಯತನಕ ಹೋಗಿತ್ತು — ಹಿಂದಕ್ಕೆ ತೆಗೆದುಕೊಂಡೆ.

ಎರಡು ದಿನದಲ್ಲಿ ಶೇಖಪ್ಪ ಫೋನ್ ಮಾಡಿದ, ಎಲ್ಲ ಅಳಿಸಿಹೋಗಿದೆ ಎಂದ. ಮುಂದಿನ ಗುರುವಾರ ಹೋದೆ. ಆ ವಾದ್ಯದ ಗುಣವೇ ಹಾಗೆ, ಸ್ವಿಚ್ ಆರಿಸಿದರೆ ಮರೆತುಬಿಡುತ್ತದೆ, ಹಳೆಯದಲ್ಲವೇ ಎಂದು ಹೇಳಿದೆ. ಮೊದಲ ಸಲ ಹೇಳುವಾಗ ನಾಲಗೆ ತೊದಲಿತು. ಆಮೇಲೆ ತೊದಲಲಿಲ್ಲ.

ಇದನ್ನು ಪ್ರೀತಿ ಎನ್ನಲೇ? ಆ ಮಾತಿಗೆ ನಾನು ಯೋಗ್ಯನಲ್ಲ ಅನ್ನಿಸುತ್ತದೆ. ಆಕೆ ನನ್ನನ್ನು 'ಅಣ್ಣಾರ' ಎಂದು ಕರೆಯುತ್ತಿದ್ದಳು. ನಾನು ಒಮ್ಮೆಯೂ 'ತಂಗಿ' ಎನ್ನಲಿಲ್ಲ. ಕರೆಯಬೇಕಾದ ಕಡೆಯೆಲ್ಲ ಮಾತನ್ನು ಹೇಗೋ ತಿರುಗಿಸಿಬಿಡುತ್ತಿದ್ದೆ. ಬುಧವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಿದ್ದೆ. ಗುರುವಾರ ಶಲವಡಿಯ ಬಸ್ಸಿನಲ್ಲಿ ಕೂತಾಗ ಎಲ್ಲಿ ಬಸ್ಸು ಕೆಟ್ಟು ನಿಲ್ಲುತ್ತದೋ ಎಂದು ಹೆದರುತ್ತಿದ್ದೆ. ಹತ್ತು ನಿಮಿಷದ ಕೆಲಸವನ್ನು ಒಂದು ತಾಸು ಎಳೆಯುತ್ತಿದ್ದೆ. ಕೆಲಸ ಮುಗಿದ ಮೇಲೆ ಆಕೆ ನುಡಿಸುತ್ತಿದ್ದಳು, ನಾನು ಕೇಳುತ್ತಿದ್ದೆ. ಅಷ್ಟೇ. ಒಂದು ಮಾತು ಆಡಬಹುದಿತ್ತು. ಆಡಿದರೆ ಆಕೆ ಬೇಡವೆನ್ನಬಹುದಿತ್ತು. ಬೇಡವೆನ್ನಿಸಿಕೊಳ್ಳುವ ಧೈರ್ಯವಿಲ್ಲದ ಗಂಡಸು ನಾನು. ಮೋಸ ಮಾಡುವ ಧೈರ್ಯ ಮಾತ್ರ ಇತ್ತು.

ಒಂದು ವರ್ಷ ಕಳೆದ ಮೇಲೆ ಆಕೆ ಒಂದು ನೋಟ್‌ಬುಕ್ ತಂದು ಮುಂದೆ ಕೂತಳು. ವಾರವಾರ ನನಗೆ ತ್ರಾಸ ಕೊಡುವುದು ಸರಿಯಲ್ಲ, ಎಲ್ಲಿ ಏನು ಒತ್ತಬೇಕು ಹೇಳಿದರೆ ಬರೆದುಕೊಳ್ಳುತ್ತೇನೆ ಎಂದಳು. ನಾನು ಬೇಕೆಂತಲೇ ಬೆರಳನ್ನು ಬೇಗಬೇಗ ಓಡಿಸಿದೆ. ಇಂಗ್ಲಿಷಿನ ಹೆಸರುಗಳನ್ನು ಒಂದರ ಮೇಲೊಂದು ಹೇಳಿದೆ. ಆಕೆಯ ಪೆನ್ನು ಎರಡನೇ ಸಾಲಿಗೇ ನಿಂತಿತು. ಇನ್ನೊಮ್ಮೆ ಹೇಳಿ ಎಂದಳು. ಆಗ ನಾನು ಅಂದ ಮಾತು ಇದು:

"ಬಿಡ್ರಿ. ಇದು ನಿಮ್ಗ ತಿಳಿಯೂದಲ್ಲ."

ಸೊನ್ನೆಯ ಲೆಕ್ಕವನ್ನು ನನಗೇ ಬಿಡಿಸಿ ಹೇಳಿದವಳಿಗೆ ಈ ಮಾತು. ಆಕೆ ನೋಟ್‌ಬುಕ್ ಮುಚ್ಚಿ ಹೊಲಿಗೆ ಮಷಿನ್ನಿನ ಮೇಲಿಟ್ಟಳು. ಸುಳ್ಳಿಗಿಂತ ಈ ಮಾತೇ ದೊಡ್ಡ ಪಾಪವೆಂದು ಈಗ ಅನ್ನಿಸುತ್ತದೆ. ಸುಳ್ಳು ವಾದ್ಯದ ಮೇಲೆ ಹೇಳಿದ್ದೆ. ಇದನ್ನು ಆಕೆಯ ಮೇಲೆಯೇ ಹೇಳಿದೆ, ಮತ್ತು ಆಕೆ ನಂಬಿದಳು.

ಅದಾದ ಮರುವರ್ಷ ಕುಂದಗೋಳದಲ್ಲಿ ಒಂದು ವಚನ ಗಾಯನ ತಂಡದವರು ವಾದಕರನ್ನು ಆರಿಸಲು ಬಂದಿದ್ದರು. ಊರೂರು ತಿರುಗಿ ಹಾಡುವ ತಂಡ. ಬೇರೆ ಬೇರೆ ವಾದ್ಯದವರನ್ನು ಕರೆದೊಯ್ಯಲಾಗದೆ, ಹಾರ್ಮೋನಿಯಂ, ಕೊಳಲು, ಶಹನಾಯಿ ಮೂರನ್ನೂ ಒಬ್ಬರೇ ನುಡಿಸುವವರು ಅವರಿಗೆ ಬೇಕಾಗಿದ್ದರು. ಕಲಾವತಿಗಾಗಿಯೇ ಇಟ್ಟಂತಿದ್ದ ಜಾಗ. ಆಕೆ ಶನಿವಾರ ಬೆಳಿಗ್ಗೆ ಹೋದಳು. ಗುರುವಾರ ನಾನು ಆಕೆಯೆದುರೇ ಕೂತಿದ್ದೆ, ಎಂದಿನಂತೆ ನಂಬರು ಹಾಕಿಕೊಟ್ಟಿದ್ದೆ. ಆಕೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಜೊತೆಗೆ ಹೊರಟುಬಿಡುತ್ತಿದ್ದೆ ಎಂದು ಆಕೆಗೆ ಗೊತ್ತಿತ್ತಂತೆ. ಇನ್ನೊಬ್ಬರಿಗೆ ಭಾರವಾಗುವುದು ಆಕೆಗೆ ಬೇಡವಾಗಿತ್ತು.

ಅಲ್ಲಿ ನಡೆದದ್ದನ್ನು ಆಮೇಲೆ ಶೇಖಪ್ಪ ಹೇಳಿದ. ಆಕೆ ಹಾರ್ಮೋನಿಯಂ ಎಂದು ಒತ್ತಿದರೆ ಬ್ಯಾಂಡಿನ ತುತ್ತೂರಿ ಬಂತು. ಕೊಳಲು ಎಂದು ಒತ್ತಿದರೆ ಇನ್ನೇನೋ ಕಿರುಚಿತು. ಕೂತವರು ನಕ್ಕರು. ಒಂದೇ ನಾದದಲ್ಲಿ ನುಡಿಸಿ ತೋರಿಸುತ್ತೇನೆ ಎಂದು ಆಕೆ ಕೇಳಿಕೊಂಡಳಂತೆ. ತಂಡದ ಹಿರಿಯರು, ಯಂತ್ರ ತಿಳಿಯದವರು ಯಂತ್ರ ಹಿಡಿಯಬಾರದು ತಾಯಿ ಎಂದು ಮುಂದಿನವರನ್ನು ಕರೆದರಂತೆ.

ಮುಂದಿನ ಗುರುವಾರ ನಾನು ಹೋದಾಗ ಅಕಾರ್ಡಿಯನ್ ಪೆಟ್ಟಿಗೆಯಲ್ಲಿತ್ತು. ಕಲಾವತಿ ಚಹಾ ತಂದುಕೊಟ್ಟಳು. ಅತ್ತ ಕುರುಹು ಇರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

"ಅಣ್ಣಾರ, ನೀವು ಅಂದದ್ದ ಖರೆ. ಇದು ನನಗ ತಿಳಿಯೂದಲ್ರಿ."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ತಪ್ಪು ನಿಮ್ಮದಲ್ಲ, ನನ್ನದು — ಇಷ್ಟು ಹೇಳಿದ್ದರೆ ಆಕೆ ಮರುದಿನವೇ ಕುಂದಗೋಳಕ್ಕೆ ಹೋಗಿ ಇನ್ನೊಮ್ಮೆ ಕೇಳಬಹುದಿತ್ತು. ತಂಡದವರು ಇನ್ನೂ ಅಲ್ಲೇ ಇದ್ದರು, ಭಾನುವಾರದವರೆಗೂ ಇದ್ದರು. ನಾನು ಚಹಾ ಕುಡಿದೆ. ಬಸಿ ಕೆಳಗಿಟ್ಟೆ. "ಇರ್ಲಿ ಬಿಡ್ರಿ" ಎಂದು ಎದ್ದು ಬಂದೆ.

ತಿಂಗಳೊಪ್ಪತ್ತಿನಲ್ಲಿ ಆಕೆ ದೇವಿಕೊಪ್ಪದ ಅಕ್ಕನ ಮನೆಗೆ ಹೋದಳು. ಅಲ್ಲಿಯೂ ಹೊಲಿಗೆಯ ಕೆಲಸವಂತೆ. ಶೇಖಪ್ಪ ಅಕಾರ್ಡಿಯನ್ನನ್ನೂ ಡಬ್ಬಿಯನ್ನೂ ನನ್ನ ಅಂಗಡಿಗೆ ತಂದಿಟ್ಟು, ಯಾರಾದರೂ ಕೇಳಿದರೆ ಕೊಟ್ಟುಬಿಡಿ, ಅವಳಿಗೆ ಇನ್ನು ಅದು ಬೇಡವಂತೆ ಎಂದ. ಕೇಳಿದವರಿಗೆಲ್ಲ ನಾನು ಇಲ್ಲವೆಂದೆ. ಮೂರು ವರ್ಷ ಅದು ಕಪಾಟಿನ ಮೇಲೆ ಇತ್ತು. ಅಣ್ಣಿಗೇರಿಯಲ್ಲಿ ಅಕಾರ್ಡಿಯನ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು, ಶಲವಡಿಯ ಕಲಾವತಿ ಚಲೋ ನುಡಿಸುತ್ತಿದ್ದಳು, ಯಂತ್ರ ಮಾತ್ರ ಒಲಿಯಲಿಲ್ಲ ಎನ್ನುವರು. ನಾನು ಸೋಲ್ಡರಿನ ಹೊಗೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಗುರುವಾರ ಮಧ್ಯಾಹ್ನ ಮಾತ್ರ — ಎಷ್ಟೇ ಕೆಲಸವಿರಲಿ, ಕೈ ನಿಲ್ಲುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ, ಬ್ಯಾಟರಿ ಉಬ್ಬಿ ಕೆಟ್ಟೀತೆಂದು ಅದನ್ನು ಕೆಳಗಿಳಿಸಿದೆ. ಹೊಸ ಬ್ಯಾಟರಿ ಹಾಕಿದೆ. ಪಟ್ಟಿಯ ಮೇಲೆ, ಆಕೆಯ ಭುಜ ತಾಗುತ್ತಿದ್ದ ಕಡೆ, ನೀಲಿ ಅರಿವೆಯ ತುಂಡೊಂದನ್ನು ಹೊಲಿದಿದ್ದಳು. ಹೊಲಿಗೆ ಇನ್ನೂ ಗಟ್ಟಿಯಾಗಿತ್ತು. ನಂಬರುಗಳನ್ನೆಲ್ಲ ಹಾಕಿದೆ. ಆ ಗುಂಡಿಯನ್ನು ಒತ್ತಿ ಹಿಡಿದೆ. ಒಂದು, ಎರಡು. ಆರಿಸಿ ಮತ್ತೆ ಹಚ್ಚಿದೆ. ಎಲ್ಲ ಹಾಗೇ ಇತ್ತು. ಇಷ್ಟೇ ಕೆಲಸ, ಇಷ್ಟಕ್ಕೆ ನಾನು...

ಮರುದಿನ ಬೆಳಿಗ್ಗೆ ಅಕಾರ್ಡಿಯನ್, ಡಬ್ಬಿ ಎರಡನ್ನೂ ಹೊತ್ತುಕೊಂಡು ದೇವಿಕೊಪ್ಪದ ಬಸ್ಸು ಹತ್ತಿದೆ.

ಅಕ್ಕನ ಮನೆಯ ಪಡಸಾಲೆಯಲ್ಲಿ ಆಕೆ ಹೊಲಿಯುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತ್ತು. ಮಷಿನ್ ನಿಂತಿತು. ಆಕೆ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬಿಡಿಸಿ ಮಡಿಸಿಟ್ಟಳು.

"ಯಾಕ್ರಿ?" ಎಂದಳು.

"ಗುರುವಾರ ಬರಾಕ ಬೇಕಾಗಿತ್ರಿ," ಎಂದೆ.

ಆಗ ಆಕೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು. ದನಿ ಏರಿಸಲಿಲ್ಲ.

"ಆ ಗುರುವಾರ ನೀವು ಹಾಕಿಕೊಟ್ಟದ್ದನ್ನ ನಾ ಆರಿಸಲೇ ಇಲ್ರಿ. ಎರಡ ದಿನ ಕರೆಂಟಿಗೆ ಹಚ್ಚಿ ಇಟ್ಟಿದ್ದೆ. ಶನಿವಾರ ಬ್ಯಾಟರಿ ಮ್ಯಾಲೆ ಚಾಲೂ ಇಟ್ಕೊಂಡ, ತೊಡಿ ಮ್ಯಾಲೆ ಹಿಡ್ಕೊಂಡು ಹೋದೆ. ಹುಬ್ಬಳ್ಳ್ಯಾಗ ಬಸ್ ಬದ್ಲಿ ಮಾಡೂಮುಂದೂ ಅದರ ದೀಪಾನ ನೋಡ್ಕೋತ ಇದ್ದೆ. ಅಲ್ಲಿ ನನ್ನ ಪಾಳಿ ತಡಾ ಆತು. ಪ್ಲಗ್ ಕೊಡ್ರಿ ಅಂದ್ರ ಖಾಲಿ ಇಲ್ಲ ಅಂದ್ರು. ನನ್ನ ಹೆಸರು ಕರದ್ರು, ನಾ ಎದ್ದ ನಿಂತೆ, ಆರಿತ್ರಿ. ಆಮ್ಯಾಲೆ ಪ್ಲಗ್ ಕೊಟ್ರು, ಹಚ್ಚಿದ್ರ ಎಲ್ಲಾ ಅಳಿಸಿ ಹೋಗಿತ್ರಿ."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಹಿಡಿದಳು.

"ನನಗ ಬಂದ ಹೇಳಿದ್ರಿ. ಅಲ್ಲಿ ಕುಂತ ನಕ್ಕವರಿಗೆ ಯಾರು ಹೇಳ್ತಾರ್ರಿ?"

ಸೆಟ್ಟಿಂಗು ಹಾಕುವ ಕ್ರಮವನ್ನು ನಾನು ಕನ್ನಡದಲ್ಲಿ ಬರೆದು ಒಯ್ದಿದ್ದೆ. ಆಕೆ ಆ ಹಾಳೆಯನ್ನು ಮುಟ್ಟಲಿಲ್ಲ. ಹೇಳಿ, ನಾನೇ ಬರೆದುಕೊಳ್ಳುತ್ತೇನೆ ಎಂದಳು. ನಾನು ನಿಧಾನವಾಗಿ ಹೇಳಿದೆ, ಆಕೆ ಬರೆದಳು. ನಾನು ಹಾಕಿಟ್ಟಿದ್ದ ನಂಬರುಗಳನ್ನು ತೆಗೆದುಹಾಕಿ, ತಾನೇ ಮೊದಲಿನಿಂದ ಹಾಕಿ, ಗುಂಡಿ ಒತ್ತಿ, ಆರಿಸಿ ಹಚ್ಚಿ ನೋಡಿದಳು. ಕಾಲು ತಾಸೂ ಹಿಡಿಯಲಿಲ್ಲ. ನುಡಿಸಿ ನೋಡಿ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಆಕೆ ನುಡಿಸಲಿಲ್ಲ. ನಾನು ಇರುವವರೆಗೆ ನುಡಿಸುವುದಿಲ್ಲವೆಂದು ತಿಳಿದು ಹೊರಟೆ. ಬಾಗಿಲವರೆಗೆ ಆಕೆಯ ಅಕ್ಕ ಬಂದರು. ಆಕೆ ಬರಲಿಲ್ಲ.

ನಕ್ಕವರನ್ನು ಹುಡುಕಿಕೊಂಡು ಹೋದೆ. ತಂಡದ ಆ ಹಿರಿಯರು ಸಿಕ್ಕರು. ನಡೆದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಯಾವ ಕಲಾವತಿ ಎಂದರು. ಅಂಥವರು ಬಹಳ ಜನ ಬಂದಿದ್ದರಂತೆ. ಒಬ್ಬಳ ಬದುಕು ಅಲ್ಲಿಗೆ ನಿಂತುಹೋದ ದಿನ ಅವರಿಗೆ ನೆನಪಿನಲ್ಲೇ ಇಲ್ಲ. ಉಳಿದ ನಕ್ಕವರು ಯಾರು, ಎಲ್ಲಿಯವರು — ನನಗೆ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಒಬ್ಬರಾದರೂ ಓದಿದರೆ, ಅಣ್ಣಿಗೇರಿಯಲ್ಲಿ ಆ ಮಾತಾಡುವವರು ಓದಿದರೆ, ತಿಳಿಯಲಿ: ಕಲಾವತಿಗೆ ಯಂತ್ರ ಒಲಿದಿತ್ತು. ಆಕೆಗೆ ತಿಳಿದಿತ್ತು. ಕೆಡಿಸಿದವನು ಚನ್ನಬಸಪ್ಪ.

ಹೋದ ವಾರ ಕಲಘಟಗಿ ಕಡೆಯವರೊಬ್ಬರು ಮಿಕ್ಸರ್ ರಿಪೇರಿಗೆ ತಂದಿದ್ದರು. ದೇವಿಕೊಪ್ಪದ ಹೆಣ್ಣುಮಕ್ಕಳ ಭಜನೆಯಲ್ಲಿ ಈಗ ಒಬ್ಬಾಕೆ ಅಕಾರ್ಡಿಯನ್ ನುಡಿಸುತ್ತಾಳೆ, ಥೇಟ್ ಶಹನಾಯಿ ಕೇಳಿದ ಹಾಗಿರುತ್ತದೆ ಎಂದರು. ಯಾವ ದಿನ ಭಜನೆ ಎಂದು ಕೇಳಿಯೇಬಿಟ್ಟೆ. ಸೋಮವಾರ ಸಂಜೆ ಐದಕ್ಕೆ. ಇಲ್ಲಿಂದ ಮಧ್ಯಾಹ್ನ ಹೊರಟರೆ ಆ ಹೊತ್ತಿಗೆ ಮುಟ್ಟಬಹುದು. ಗುಡಿಯ ಹೊರಗೆ, ಯಾರಿಗೂ ಕಾಣದ ಹಾಗೆ ನಿಂತರೆ ಸಾಕು, ಕೇಳುತ್ತದೆ. ಒಂದೇ ಒಂದು ಸಲ ಕೇಳಿದರೆ...

ಆಕೆ ಕರೆದಿಲ್ಲ. ಸೋಮವಾರ ನಾನು ಅಂಗಡಿ ತೆರೆದೇ ಇರುತ್ತೇನೆ.