ನೀರು ಕುಡಿಯಬೇಡ ಎಂದವಳು ನಾನು

ಅಡಿಕೆ ಸುಲಿಯುವ ಹೆಂಗಸರ ತಂಡ ಕಟ್ಟಿಕೊಂಡು ಊರೂರು ತಿರುಗುವವಳು ನಾನು. ಓದಿದ್ದು ಏಳನೇ ಕ್ಲಾಸು. ಹದಿನಾರನೇ ವಯಸ್ಸಿಗೆ ಮೆಟ್ಟುಗತ್ತಿಯ ಮುಂದೆ ಕುಳಿತೆ, ಮೂವತ್ತೈದು ದಾಟುವಾಗ ಮೇಸ್ತ್ರಿಯಾದೆ. ಕೊಯ್ಲು ಶುರುವಾಗುವ ಮೊದಲು ತೋಟದ ಯಜಮಾನರ ಜಗಲಿಯಲ್ಲಿ ಕುಳಿತು ಮಾತು ಕುದುರಿಸುವುದು ನನ್ನ ಕೆಲಸ. ಸುಲಿದ ಅಡಿಕೆ ಡಬ್ಬಕ್ಕೆ ಕೂಲಿ ಎಷ್ಟು, ಕರೆದುಕೊಂಡು ಹೋಗುವ ಗಾಡಿ ಯಾರದು, ಎರಡನೇ ಸಲದ ಚಹಾ ಉಂಟೋ ಇಲ್ಲವೋ, ಕತ್ತಿ ಬೆರಳಿಗೆ ತಾಗಿದರೆ ಔಷಧಿ ಯಾರ ಕಡೆಯಿಂದ. "ನಿನ್ನತ್ರ ಮಾತಾಡೋದಕ್ಕಿಂತ ಮಂಡಿಯವನತ್ರ ಮಾತಾಡೋದು ಸುಲಭ ಮಾರಾಯ್ತಿ" ಎಂದು ಒಬ್ಬರು ಯಜಮಾನರು ಅಂದಿದ್ದರು. ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೆ. ಇಷ್ಟೆಲ್ಲ ಕೇಳಿದವಳು, ನನ್ನ ಹದಿನಾಲ್ಕು ಹೆಂಗಸರು ಮೂತ್ರಕ್ಕೆ ಎಲ್ಲಿ ಹೋಗಬೇಕು ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ.

ಸುಲಿಯುವ ಕೆಲಸ ಹೀಗಿರುತ್ತದೆ. ಮಣೆಗೆ ನಿಲ್ಲಿಸಿದ ಕತ್ತಿಯನ್ನು ಕಾಲಿನಿಂದ ಅದುಮಿ ಹಿಡಿದು, ಹಸಿ ಅಡಿಕೆಯನ್ನು ಒಂದೊಂದಾಗಿ ಅದರ ಬಾಯಿಗೆ ಕೊಡಬೇಕು. ಡಬ್ಬ ತುಂಬಿದಷ್ಟು ಕೂಲಿ. ಎದ್ದರೆ ಕೈಯ ಓಟ ತಪ್ಪುತ್ತದೆ, ಮತ್ತೆ ಹತ್ತಲು ಹೊತ್ತು ಬೇಕು. ಅಲ್ಲದೆ ನಾವು ಕೂರುವ ಚಪ್ಪರದ ಸುತ್ತ ಗಂಡಸರು: ತೋಟದಿಂದ ಅಡಿಕೆ ಕೊನೆ ಹೊರುವವರು, ಅಡಿಕೆ ಬೇಯಿಸುವವರು, ಗಾಡಿಯವರು. ಅವರು ಗಳಿಗೆಗೊಂದು ಚೊಂಬು ನೀರು ಕುಡಿದು, ಬೇಲಿ ಕಡೆ ಮುಖ ಮಾಡಿ ನಿಂತು ಬರುತ್ತಾರೆ. ನಾವು ಬೆಳಿಗ್ಗೆ ಮನೆಯಲ್ಲಿ ಮುಗಿಸಿದರೆ ಮತ್ತೆ ಸಂಜೆಗೇ. ಯಜಮಾನರ ಮನೆಯ ಬಚ್ಚಲಿಗೆ ಬರಬೇಡಿ ಎಂದು ಯಾರೂ ಹೇಳಿದ್ದಿಲ್ಲ. ಬರಲೇ ಎಂದು ನಾವು ಕೇಳಿದ್ದೂ ಇಲ್ಲ.

ಹೊಸಬರು ಸೇರಿದರೆ ನಾನು ಮೊದಲು ಹೇಳಿಕೊಡುತ್ತಿದ್ದದ್ದೇ ಇದನ್ನು. "ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿ, ಸಾಕು. ಮಧ್ಯಾಹ್ನ ಊಟಕ್ಕೆ ಎರಡು ಗುಟುಕು. ನೀರು ಕುಡಿದವಳು ಡಬ್ಬ ತುಂಬಲ್ಲ." ಯಾರಾದರೂ ಬಾಟಲಿ ಎತ್ತಿದರೆ ಉಳಿದವರು ಬಿಡುತ್ತಿರಲಿಲ್ಲ. "ಹೊಟ್ಟೆ ಕಣೆ ಅದು, ಪಂಚಾಯ್ತಿ ಟ್ಯಾಂಕಿ ಅಲ್ಲ!"

ಆ ಮಾತನ್ನು ಹೆಚ್ಚು ಹೇಳಿ ನಗಿಸುತ್ತಿದ್ದವಳು ಹೊಸನಗರದ ಕಡೆಯವಳು. ಅವಳೂ ಅವಳ ಓರಗಿತ್ತಿಯೂ ಒಟ್ಟಿಗೇ ತಂಡಕ್ಕೆ ಬಂದಿದ್ದರು. ನನ್ನ ಹದಿನಾಲ್ಕು ಜನರಲ್ಲಿ ಅವಳದೇ ಕೈ ಚುರುಕು. ಕಳೆದ ಕೊಯ್ಲಿನಲ್ಲಿ ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲಿ ಸುಲಿಯುವಾಗ ಅವಳು ನನ್ನ ಕಿವಿಯ ಹತ್ತಿರ ಬಂದು, "ಅಕ್ಕ, ಉರಿ ಆಗ್ತದೆ. ಹೋಗಿ ಬಂದ್ರೂ ಮತ್ತೆ ಹೋಗ್ಬೇಕು ಅನ್ಸ್ತದೆ" ಎಂದಳು.

"ಉಷ್ಣ ಕಣೆ. ಒಂದೇ ಸಮ ಕೂತ್ರೆ ಆಗ್ದೆ ಇರ್ತದಾ? ರಾತ್ರಿ ಮೆಂತ್ಯ ನೆನೆಹಾಕಿ ಬೆಳಿಗ್ಗೆ ತಿನ್ನು."

ನನಗೆ ಎಲ್ಲದಕ್ಕೂ ಒಂದು ಸಲಹೆ ಇರುತ್ತಿತ್ತು. ನಾಲ್ಕು ದಿನ ಕಳೆದ ಮೇಲೆ ಸೊಂಟದ ಮೇಲೆ, ಬಲಪಕ್ಕೆಯಲ್ಲಿ ನೋವು ಎಂದಳು. ಕತ್ತಿಯ ಮುಂದೆ ಕೂರುವ ಯಾರಿಗೆ ಬೆನ್ನುನೋವಿಲ್ಲ? ನನ್ನ ಚೀಲದಲ್ಲಿದ್ದ ನೋವಿನ ಮಾತ್ರೆ ಕೊಟ್ಟೆ. ಅದನ್ನು ನುಂಗಿಕೊಂಡು ಅವಳು ಇನ್ನೂ ಐದು ದಿನ ಸುಲಿದಳು.

ಆರನೇ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಗಡಗಡ ನಡುಗಿದಳು. ಗಂಡನನ್ನು ಕರೆಸಿ, ತೀರ್ಥಹಳ್ಳಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಂಡಸು. ಎದುರಿಗೆ ಅವಳ ಗಂಡ, ಬಾಗಿಲಲ್ಲಿ ನಮ್ಮ ಗಾಡಿಯವನು.

"ಎಂತಾಗ್ತದಮ್ಮಾ?"

"ಜ್ವರ. ಬೆನ್ನುನೋವು."

"ಬೇರೆ ಎಂತಾದ್ರೂ?"

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಬೇರೆ ಎಂತದೂ ಇಲ್ಲ" ಎಂದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಕಡಿಮೆಯಾಗದಿದ್ದರೆ ರಕ್ತ ಪರೀಕ್ಷೆಗೆ ಬನ್ನಿ ಎಂದರು. ಹೇಳಿದ್ದಕ್ಕೆ ತಕ್ಕ ಔಷಧಿ ಕೊಟ್ಟರು. ಅವರನ್ನು ಬೈದು ಪ್ರಯೋಜನವಿಲ್ಲ.

ಎರಡು ದಿನ ಬಿಟ್ಟು ಓರಗಿತ್ತಿ ಫೋನ್ ಮಾಡಿದಳು. "ಅಕ್ಕ, ಇವಳು ಏನೇನೋ ಮಾತಾಡ್ತಾಳೆ. ನನ್ನ ಗುರುತೇ ಸಿಕ್ತಿಲ್ಲ." ಗಾಡಿ ಮಾಡಿಕೊಂಡು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಗಂಡನನ್ನು ಹೊರಗೆ ಕಳಿಸಿ ನನ್ನನ್ನೂ ಓರಗಿತ್ತಿಯನ್ನೂ ನಿಲ್ಲಿಸಿಕೊಂಡರು.

"ಉರಿಮೂತ್ರ ಇತ್ತಾ?"

"ಇತ್ತು."

"ಎಷ್ಟು ದಿನದಿಂದ?"

"ಹತ್ತು ಹನ್ನೆರಡು ದಿನ ಆಗಿರ್ಬಹುದು."

"ದಿನಕ್ಕೆ ಎಷ್ಟು ನೀರು ಕುಡೀತಿದ್ರು? ಕೆಲಸದ ಹೊತ್ತಲ್ಲಿ ಎಷ್ಟು ಸಲ ಮೂತ್ರಕ್ಕೆ ಹೋಗ್ತಿದ್ರು?"

"ಹೋಗ್ತಿರ್ಲಿಲ್ಲ ಮೇಡಂ."

"ಯಾಕೆ?"

ಎದ್ದರೆ ಡಬ್ಬ ಕಡಿಮೆಯಾಗುತ್ತದೆ, ಸುತ್ತ ಗಂಡಸರಿರುತ್ತಾರೆ ಎಂದೆ. ಆಗ ಅವರು ಬಿಡಿಸಿ ಹೇಳಿದರು. ಹೆಂಗಸರಿಗೆ ಮೂತ್ರದ ದಾರಿ ಗಂಡಸರದ್ದಕ್ಕಿಂತ ತುಂಬಾ ಗಿಡ್ಡ, ಮಲ ಹೋಗುವ ಜಾಗಕ್ಕೂ ಹತ್ತಿರ. ಹಾಗಾಗಿ ನಂಜು ಬೇಗ ಮೇಲೆ ಹತ್ತುತ್ತದೆ. ನೀರು ಕುಡಿದು ಆಗಾಗ ಹೋಗುತ್ತಿದ್ದರೆ ಸುಮಾರಾಗಿ ತೊಳೆದು ಹೋಗುತ್ತದೆ, ಕಟ್ಟಿ ಇಟ್ಟುಕೊಂಡರೆ ಅಲ್ಲೇ ಬೆಳೆಯುತ್ತದೆ. ಇವರಿಗೆ ಕಿಡ್ನಿಗೆ ಹತ್ತಿ ಈಗ ರಕ್ತಕ್ಕೆ ಸೇರಿದೆ. ಉರಿ ಶುರುವಾದಾಗಲೇ ಬಂದಿದ್ದರೆ ಕೆಲವು ದಿನದ ಮಾತ್ರೆಯಲ್ಲಿ ಮುಗಿಯುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಅವಳು ತೀರಿಕೊಂಡಳು.

ಹೊಸನಗರದ ಕಡೆಯ ಅವಳ ಮನೆಯಲ್ಲಿ ಹನ್ನೊಂದನೇ ದಿನ ಬಂದವರೆಲ್ಲ ಎಂಥದೋ ಕೆಟ್ಟ ಜ್ವರ ಎಂದರು. ಅವಳ ಗಂಡ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ, "ಬೆನ್ನುನೋವು ಅಂದಿದ್ಲು, ಅಷ್ಟೇ. ಮತ್ತೆಂತ ಇದ್ರೂ ನಂಗೆ ಹೇಳ್ಬಹುದಿತ್ತಲ್ಲ?" ನಾನು ಎಲೆಯ ಮುಂದೆ ಕುಳಿತು ಸುಮ್ಮನೆ ಉಂಡು ಬಂದೆ. ಅಲ್ಲಿ ಹೇಳದೆ ಬಂದದ್ದು ಇವತ್ತಿಗೂ ಚುಚ್ಚುತ್ತದೆ.

ಈ ವರ್ಷ ಆನಂದಪುರದ ಕಡೆ ಒಂದು ಮನೆಗೆ ಮಾತಾಡಲು ಹೋದಾಗ, ಕೂಲಿಯ ಮಾತಿಗಿಂತ ಮೊದಲು, "ಗೌಡ್ರೇ, ನಮ್ಮ ಹೆಂಗಸ್ರು ಉಚ್ಚೆ ಹೊಯ್ಯೋಕೆ ಎಲ್ಲಿ ಹೋಗ್ಬೇಕು ತೋರಿಸಿ" ಎಂದೆ. ಜಗಲಿಯಲ್ಲಿದ್ದ ನಾಲ್ಕು ಗಂಡಸರು ತೋಟದ ಕಡೆ ತಿರುಗಿ ಕುಳಿತರು.

"ಹಿತ್ಲಲ್ಲಿ ಒಂದು ಟಾಯ್ಲೆಟ್ ಉಂಟು, ಹೋಗ್ಲಿ. ಅದನ್ನ ಇಷ್ಟು ಜೋರಾಗಿ ಹೇಳ್ಬೇಕಾ ಮಾರಾಯ್ತಿ?"

"ಹೋದ ವರ್ಷ ಹೇಳ್ದೆ ಒಬ್ಬಳನ್ನ ಕಳಕೊಂಡೆ."

ಅವರು ಮತ್ತೆ ಚೌಕಾಸಿ ಮಾಡಲಿಲ್ಲ. ಆ ಬಾಗಿಲಿಗೆ ಹೊಸ ಚಿಲಕವನ್ನೂ ಹಾಕಿಸಿದರು. ಕೇಳಿದ್ದರೆ ಎಲ್ಲ ಮನೆಯಲ್ಲೂ ಸಿಗುತ್ತಿತ್ತೋ ಏನೋ.

ಅಷ್ಟಕ್ಕೆ ಮುಗಿಯಲಿಲ್ಲ. ಜಾಗ ಸಿಕ್ಕರೂ ಯಾರೂ ಏಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ, ಊಟದ ಹೊತ್ತಿಗೆ, ಮತ್ತೆ ನಾಲ್ಕಕ್ಕೆ ನಾನೇ ಕೆಲಸ ನಿಲ್ಲಿಸಿ, ಒಬ್ಬೊಬ್ಬರಿಗೂ ಲೋಟ ಕೈಗೆ ಕೊಟ್ಟು ಕುಡಿಸಿ ಎಬ್ಬಿಸತೊಡಗಿದೆ. ಎರಡು ವಾರದಲ್ಲಿ ಐದು ಜನ ಬೇರೆ ಮೇಸ್ತ್ರಿಯ ತಂಡಕ್ಕೆ ಹೋದರು. ಓರಗಿತ್ತಿಯೂ ಹೊರಟಳು.

"ನೀನೂನಾ? ಆಸ್ಪತ್ರೇಲಿ ನನ್ನ ಪಕ್ಕಾನೇ ನಿಂತಿದ್ದೆ ನೀನು."

"ನಿಂತಿದ್ದೆ ಅಕ್ಕ. ಈಗ ಅವಳ ಮಕ್ಕಳೂ ನನ್ನತ್ರಾನೇ ಉಣ್ಣೋದು. ಎದ್ದು ಎದ್ದು ಬಂದ್ರೆ ದಿನಕ್ಕೆ ಎರಡು ಡಬ್ಬ ಕಮ್ಮಿ ಆಗ್ತದೆ, ಯಾರು ತುಂಬಿಕೊಡ್ತಾರೆ?"

ಆ ತಂಡ ಈಗ ಮೇಗರವಳ್ಳಿ ಕಡೆ ಸುಲಿಯುತ್ತಿದೆ. ಅದರ ಮೇಸ್ತ್ರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ನಿಮ್ಮ ತಂಡ ನಿಮ್ಗೆ, ನಮ್ಮದು ನಮ್ಗೆ" ಎಂದು ಇಟ್ಟುಬಿಟ್ಟ. ಓರಗಿತ್ತಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಉರಿ ಉಂಟಾ ಎಂದು ನೇರವಾಗಿಯೇ ಕೇಳುತ್ತೇನೆ. ಇಲ್ಲ ಅಕ್ಕ ಎನ್ನುತ್ತಾಳೆ. ಹಿಂದೆ ಗಂಡಸರ ದನಿ ಕೇಳಿಸುತ್ತಿರುತ್ತದೆ. ಹಾಗಿರುವಾಗ ಆ ‘ಇಲ್ಲ’ವನ್ನು ಎಷ್ಟು ನಂಬುವುದೋ ನನಗೆ ತಿಳಿಯುವುದಿಲ್ಲ.