ಮಹಿಳಾ ಮಂಡಳದ ಟವಲ್ ಕಿತ್ತೊಗೆದ ಸೋಮವಾರ

ಕಳೆದ ಸೋಮವಾರ ನಮ್ಮ ಮಹಿಳಾ ಮಂಡಳದ ಟವಲ್ಲನ್ನು ಎಲ್ಲರೆದುರೇ ಮೊಳೆಯಿಂದ ಕಿತ್ತು ನೆಲಕ್ಕೆ ಒಗೆದೆ.

ನಾನು! ಹಾಸ್ಟೆಲ್ಲಿನಲ್ಲಿ ಸಾರು ಹಳಸಿದ್ದರೂ ಬಾಯಿ ಬಿಡದೆ ಉಣ್ಣುತ್ತಿದ್ದ ನಾನು! ಗೆಳತಿಯರೇ, ನಿಮಗೆ ಹೇಳದೆ ಇರಲು ಆಗುತ್ತಿಲ್ಲ.

ನಿಮಗೆ ಗೊತ್ತು, ಇವರಿಗೆ ಇಲ್ಲಿ ದಾಂಡೇಲಿಯಲ್ಲಿ ಕೆಲಸ. ಮಗಳು ಸುಧಾಗೆ ಈಗ ಏಳು ತಿಂಗಳು. ಕಾಲನಿಯಲ್ಲಿ ಎರಡು ವಾರದಿಂದ ಕಣ್ಣುಬೇನೆ ಹಬ್ಬಿದೆ.

ಪಕ್ಕದ ಮನೆಯ ಪುಟ್ಟ ಶಾಂತಾ ಒಂದು ಬೆಳಗ್ಗೆ ರೆಪ್ಪೆ ಅಂಟಿಕೊಂಡು, ಕಣ್ಣು ಬಿಡಲಾಗದೆ ಗೋಡೆ ಹಿಡಿದು ನಡೆಯುತ್ತಿದ್ದಳು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಎಲ್ಲಿಯದು... ಸುಧಾಳ ಕಣ್ಣು ಕೆಂಪಾಯಿತೇ ಎಂದು ನೋಡುವುದೇ ಕೆಲಸ.

ಮಂಡಳದಲ್ಲಿ ದಿನಾ ಹೊಲಿಗೆ ಕ್ಲಾಸು. ಹಿಂದೆ ಸಂಡಾಸ, ಅದರ ಹೊರಗೆ ಒಂದು ನಲ್ಲಿ, ಒಂದು ಕೆಂಪು ಸಾಬೂನು, ಮೊಳೆಗೆ ಒಂದು ಟವಲ್. ಬಂದವರಿಗೆಲ್ಲ ಅದೊಂದೇ!

ವಾರದ ಮೊದಲಿಗೆ ಬೆಳ್ಳಗಿದ್ದದ್ದು ಶನಿವಾರಕ್ಕೆ ಚಹಾ ಸೋಸುವ ಬಟ್ಟೆಯ ಬಣ್ಣ. ಒಣಗಿದ್ದನ್ನಂತೂ ನಾನು ನೋಡಿಯೇ ಇಲ್ಲ.

ನಾನು ಅದನ್ನು ಮುಟ್ಟುವುದು ಬಿಟ್ಟೆ. ಅಧ್ಯಕ್ಷೆ ಸರಸಕ್ಕ ಸುಮ್ಮನಿರಬೇಕಲ್ಲ. "ಏನವಾ, ಬಿ.ಎಸ್ಸಿ. ಓದಿದ ಮ್ಯಾಲೆ ಟವಲ್ಲಿಗೂ ಮಡಿ ಬಂತೇನ?" ಎಂದಳು. ಎಲ್ಲರೂ ನಕ್ಕರು.

ನಗದೆ ಇದ್ದವಳು ಜುಲ್ಯಾನಾಬಾಯಿ ಒಬ್ಬಳೇ. ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಬುಡಕಟ್ಟಿನ ಹೆಂಗಸು. ನಾವು ಹೊಲಿಯುತ್ತ ಕೂತಾಗ ನಮ್ಮ ಕೂಸುಗಳನ್ನು ನೋಡಿಕೊಳ್ಳುವವಳು. ಅಂದಿನಿಂದ ಅವಳೂ ಟವಲ್ ಮುಟ್ಟಲಿಲ್ಲ. ಕೈ ಜಾಡಿಸಿ ಗಾಳಿಗೇ ಒಣಗಿಸಿಕೊಳ್ಳುತ್ತಿದ್ದಳು.

ನನಗೋ ಖುಷಿ! ನನ್ನನ್ನು ನೋಡಿ ಒಬ್ಬಳಾದರೂ ಕಲಿತಳಲ್ಲ!

ಸೋಮವಾರ ಶಾಂತಾಳ ತಾಯಿಗೂ ಕಣ್ಣು ಕೆಂಪಾಗಿತ್ತು. ಅವಳು ಆ ಟವಲ್ಲಿನಿಂದ ಎರಡೂ ಕಣ್ಣು ಒತ್ತಿ ಒರೆಸಿಕೊಂಡು ಮತ್ತೆ ಮೊಳೆಗೆ ಹಾಕಿದಳು. ಹಿಂದೆಯೇ ಸರಸಕ್ಕ ಕೈ ತೊಳೆದು ಅದಕ್ಕೇ ಕೈ ಚಾಚಿದಳು.

ಅಷ್ಟೇ. ಕಿತ್ತೆ, ಒಗೆದೆ!

ಆಮೇಲೆ ನನ್ನ ಭಾಷಣ! ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಹೀಗೆ ಮಾತಾಡಿರಲಿಲ್ಲ. ಒದ್ದೆ ಬಟ್ಟೆ ಅಂದರೆ ರೋಗಾಣುವಿಗೆ ತವರುಮನೆ ಅಂದೆ. ಹಳೆಯ ಧೋತರ ಹರಿದು ಕೈಯಗಲದ ತುಂಡು ಮಾಡೋಣ, ಒಂದು ಸಲಕ್ಕೆ ಒಂದು ತುಂಡು, ಒರೆಸಿದ್ದು ಬುಟ್ಟಿಗೆ, ಬುಟ್ಟಿಯದು ಕುದಿಯುವ ನೀರಿಗೆ ಅಂದೆ.

ಆಮೇಲೆ ಸರಸಕ್ಕನೇ, "ನಮ್ಮನ್ಯಾಗ ಎರಡು ಧೋತ್ರ ಅದಾವ, ತರ್ತೇನಿ. ನಮ್ಮವರು ಇನ್ನೂ ಉಟಗೋತಾರ... ಆದ್ರ ಹಳೇವು ಅಂದ್ರಾತು!" ಎಂದಳು.

ಗೆದ್ದಿದ್ದೆ! ಗೆದ್ದ ಹುರುಪಿನಲ್ಲಿ ಕೈ ಹೇಗೆ ತೊಳೆಯಬೇಕೆಂದೂ ತೋರಿಸಿದೆ. ಬೆರಳ ಸಂದು, ಉಗುರು, ಮಣಿಕಟ್ಟು... ಅಷ್ಟರಲ್ಲಿ ಒಳಗೆ ಸುಧಾ ಅಳುತ್ತಾಳೆ. ಕೈ ಒರೆಸಿಕೊಂಡು ಓಡಿದೆ, ಎತ್ತಿಕೊಳ್ಳಲು ಬಾಗಿದೆ.

ಜುಲ್ಯಾನಾಬಾಯಿ ನನಗಿಂತ ಮೊದಲೇ ಕೂಸನ್ನು ಎತ್ತಿ, ಆಚೆ ತಿರುಗಿ ನಿಂತಳು.

"ಮುಟ್ಟಬ್ಯಾಡ್ರಿ, ಬಾಯಾರ."

"ಯಾಕ? ನನ್ನ ಕೂಸು ಅದು!"

"ಕೈ ಯಾವದಕ್ಕ ಒರಿಸಿದ್ರಿ?"

ಕೆಳಗೆ ನೋಡಿದೆ. ಸೆರಗು. ಅದರ ಮೇಲೆ ನನ್ನ ಎರಡು ಕೈಗಳ ಒದ್ದೆ ಗುರುತು.

"ಮುಂಜಾನೆ ಗೇಟಿನಾಗ ಶಾಂತಾ ಅಳಾಕತ್ತಿದ್ಲು, ಅದ ಸೆರಗಿಲೇ ಆಕಿ ಕಣ್ಣು ಒರಿಸಿದ್ರಿ. ನಾ ನೋಡೇನಿ. ಆ ಟವಲ್ ಮೊಳಿಗೆ ತೂಗತಿತ್ರಿ, ನಿಮ್ಮದು ಹೆಗಲಿಗೆ ತೂಗತೈತಿ."

ಬಾಗಿಲಲ್ಲಿ ನಿಂತಿದ್ದ ಒಬ್ಬರೂ ನಗಲಿಲ್ಲ. ಎಲ್ಲರೂ ತಂತಮ್ಮ ಸೆರಗು ನೋಡಿಕೊಳ್ಳುತ್ತಿದ್ದರು.

ಮರೆತಿದ್ದೆ ಅಂತಲ್ಲ... ಅದು ಒರೆಸಿದ್ದು ಅಂತಲೇ ಅನ್ನಿಸಿರಲಿಲ್ಲ. ಬಿಸಿ ಹಾಲಿನ ಪಾತ್ರೆ ಇಳಿಸುವುದಕ್ಕೆ ಸೆರಗು, ಬೆವರಿಗೆ ಸೆರಗು, ಸುಧಾಳ ಬಾಯಿಗೂ ಅದೇ ಸೆರಗು. ಊರಿನವರ ಟವಲ್ ಕಿತ್ತವಳು ನಾನು!

ಸರಸಕ್ಕ ಮನೆಗೆ ಓಡಿ ತನ್ನದೊಂದು ಸೀರೆ ತಂದಳು. ನಾನು ಅದನ್ನು ಉಟ್ಟು, ಮತ್ತೊಮ್ಮೆ ಕೈ ತೊಳೆದು ಬಂದು, "ನನ್ನ ನೋಡಿ ನೀ ಟವಲ್ ಬಿಟ್ಟಿ ಅಂತ ತಿಳಕೊಂಡಿದ್ದೆ, ಜುಲ್ಯಾನಾಬಾಯಿ" ಅಂದೆ.

"ನಿಮ್ಮನ್ನ ನೋಡೇ ಬಿಟ್ಟಿದ್ದೆ. ನಾ ಕೈ ಒರಿಸಿದ ಮ್ಯಾಲೆ ನೀವು ಮುಟ್ಟಲಿಲ್ಲ. ಸಿದ್ದಿಯಾಕಿ ಮುಟ್ಟಿದ್ಲಂತ ಬಿಟ್ರಿ ಅನಕೊಂಡೆ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. "ದೇವರಾಣೆಗೂ ಅಲ್ಲ! ಕಣ್ಣಬ್ಯಾನಿ ಅಂಜಿಕಿಗೆ..."

"ಈಗ ಗೊತ್ತಾತು ಬಿಡ್ರಿ. ಶಾಂತಾನ ಗೊಣ್ಣಿಗೂ ಮಡಿ ನೋಡದ ಸೆರಗು ನಿಮ್ಮದು" ಎಂದು ಈಗ ಅವಳು ನಕ್ಕಳು. ನಗುತ್ತಲೇ ಸುಧಾಳನ್ನು ನನ್ನ ಕೈಗೆ ಕೊಟ್ಟಳು.

ಅಂದಿನಿಂದ ಮಂಡಳದಲ್ಲಿ ಧೋತರದ ತುಂಡುಗಳು ಬಂದಿವೆ. ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ನಲ್ಲಿಗೆ ಹೋಗಬೇಕು, ಇದು ಜುಲ್ಯಾನಾಬಾಯಿಯ ಕಾಯಿದೆ. ಮರೆತರೆ ಅಧ್ಯಕ್ಷೆಗೂ ಬೈಗುಳ ತಪ್ಪಿದ್ದಲ್ಲ.

ಆದರೆ ಆ ಸೋಮವಾರ ಬೆಳಗ್ಗೆಯಿಂದ ಆ ಸೆರಗಿನಲ್ಲಿ ಎಷ್ಟು ಸಲ ಸುಧಾಳ ಮುಖ ಒರೆಸಿದ್ದೆನೋ ಯಾರಿಗೆ ಗೊತ್ತು? ದಿನಗಳನ್ನು ಹೇಗೆ ಕಳೆದೆನೋ... ಒಂದು ಸಲ ಕಣ್ಣುಜ್ಜಿಕೊಂಡಳೆಂದು ಇವರನ್ನು ಡಾಕ್ಟರರ ಮನೆಗೇ ಓಡಿಸಿದ್ದೆ. ಭಾನುವಾರದ ತನಕ ಕಣ್ಣು ಕೆಂಪಾಗದಿದ್ದರೆ ಭಯವಿಲ್ಲ ಅಂದಿದ್ದರಂತೆ ಡಾಕ್ಟರರು.

ಇವತ್ತು ಭಾನುವಾರ. ಬೆಳಗ್ಗೆ ಸುಧಾ ಎದ್ದು ಕಣ್ಣು ಬಿಟ್ಟಳು. ಎರಡೂ ಕಣ್ಣು! ಬೆಳ್ಳಗೆ, ಹೊಳೆಯುತ್ತ, ನನ್ನನ್ನೇ ನೋಡಿ ನಗುತ್ತ! ಕೂಸನ್ನೆತ್ತಿಕೊಂಡು ಮನೆತುಂಬ ಕುಣಿದೆ. ಇವರು ಹೆಂಡತಿಗೆ ಏನಾಯಿತೋ ಎಂದು ನೋಡುತ್ತಿದ್ದಾರೆ.

ಈಗ ನೀವು ಹೇಳಿ, ಸುಳ್ಳು ಹೇಳಬಾರದು... ಕೈ ತೊಳೆದ ಮೇಲೆ ನಿಮ್ಮ ಕೈ ತಾನಾಗಿಯೇ ಎಲ್ಲಿಗೆ ಹೋಗುತ್ತದೆ?