ಮುರಿದ ಸ್ಟ್ಯಾಂಡು

ಗೇರ್ ಆಯಿಲಿಗೆ ಒಂದು ವಾಸನೆಯಿದೆ. ಪೆಟ್ರೋಲಿನ ಹಾಗೆ ಮೂಗಿಗೆ ಹೊಡೆಯುವುದಿಲ್ಲ. ಸೀದ ಒಗ್ಗರಣೆಯ ಹಾಗೆ ನಿಧಾನಕ್ಕೆ ಬಂದು ಸೆರಗಿಗೆ ಅಂಟಿಕೊಂಡರೆ ಸಂಜೆವರೆಗೂ ಬಿಡುವುದಿಲ್ಲ. ಮೊನ್ನೆ ನಂಜನಗೂಡಿನಲ್ಲಿ ಮನೆ ಹತ್ತಿರದ ಗ್ಯಾರೇಜಿಗೆ ನನ್ನ ಸ್ಕೂಟರ್ ಕೊಟ್ಟು, ಅವರು ಹಾಕಿಕೊಟ್ಟ ಸ್ಟೂಲಿನ ಮೇಲೆ ಕೂತಿದ್ದೆ. ಮೆಕ್ಯಾನಿಕ್ಕು ಗೇರ್ ಆಯಿಲಿನ ಬೋಲ್ಟು ಬಿಚ್ಚಿದ. ಕಪ್ಪು ಎಣ್ಣೆ ಎಳೆಯಾಗಿ ಡಬ್ಬಕ್ಕೆ ಇಳಿಯಿತು. ಆ ವಾಸನೆ ಬಂದದ್ದೇ ತಡ, ನಾನು ಮತ್ತೆ ಹುಡುಗಿಯಾಗಿ ನಮ್ಮೂರು ಹೆಮ್ಮಿಗೆಯ ಮನೆ ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ.

ನಮ್ಮದು ತೊಟ್ಟಿಮನೆ. ಅಪ್ಪ, ಅವ್ವ, ನಾನು. ಚಿಕ್ಕಪ್ಪ, ಚಿಕ್ಕವ್ವ, ಅವರ ಮಗ ನಾಗೇಶ. ಎಲ್ಲರಿಗೂ ಮೇಲೆ ಅಜ್ಜಿ. ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ ನಾಲೆ ನೀರಿನ ಸರದಿ ವಿಷಯಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತಿಗೆ ಮಾತು ಬೆಳೆದು, ಗದ್ದೆ ಬದುವಿನ ಮೇಲೆ ನಿಂತು ಆಡಬಾರದ್ದನ್ನೆಲ್ಲ ಆಡಿಕೊಂಡರು. ಅವತ್ತು ಬಿಟ್ಟ ಮಾತು ಬಿಟ್ಟೇ ಹೋಯಿತು. ತೊಟ್ಟಿಯ ನಡುವೆ ಗೋಡೆ ಎದ್ದಿತು. ಪಾತ್ರೆ, ದನ, ಕಡೆಗೆ ಉಪ್ಪಿನಕಾಯಿ ಜಾಡಿಗಳೂ ಪಾಲಾದವು. ಉಳಿದದ್ದು ಮೋಟಾರ್ ಸೈಕಲ್ಲು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಎರಡು ಸೈಲೆನ್ಸರಿನ ಗಾಡಿ, ಅಣ್ಣತಮ್ಮ ಇಬ್ಬರೂ ಕಬ್ಬಿನ ದುಡ್ಡು ಕೂಡಿಸಿ ತಂದದ್ದು. “ಅದ್ನೂ ಕುಯ್ದು ಅಂಚ್ಕತೀರೇನ್ರಲಾ? ಮುಂದ್ಲು ಚಕ್ರ ಒಬ್ನಿಗೆ, ಇಂದ್ಲು ಚಕ್ರ ಇನ್ನೊಬ್ನಿಗೆ?” ಅಂದಿತು ಅಜ್ಜಿ. ಗಾಡಿ ಬೀದಿ ಕಡೆಯ ಜಗಲಿಯ ಪಕ್ಕ ನಿಂತಿತು. ಒಂದು ವಾರ ನಮ್ಮದು, ಒಂದು ವಾರ ಅವರದು. ಕೀ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ.

ಒಂದು ಸಲ ಟಿ. ನರಸೀಪುರದಿಂದ ಗೊಬ್ಬರದ ಮೂಟೆ ಹೇರಿಕೊಂಡು ಬಂದಾಗ ಗಾಡಿಯ ನಡು ಸ್ಟ್ಯಾಂಡಿನ ಒಂದು ಕಾಲು ಮುರಿಯಿತು. ಅಲ್ಲಿಂದಾಚೆಗೆ ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಕೊಂಡೇ ಇರುತ್ತಿತ್ತು. ಓಡಿಸುವುದಕ್ಕೇನೂ ತೊಂದರೆಯಿಲ್ಲ. ಆದರೆ ಗೇರ್ ಆಯಿಲ್ ಬದಲಾಯಿಸಬೇಕಾದರೆ ಗಾಡಿ ನೆಟ್ಟಗೆ ನಿಲ್ಲಬೇಕು. ವಾಲಿದರೆ ಹಳೇ ಎಣ್ಣೆ ಪೂರ್ತಿ ಇಳಿಯುವುದಿಲ್ಲ, ಹೊಸ ಎಣ್ಣೆ ಎಷ್ಟು ತುಂಬಿತೆಂದೂ ತಿಳಿಯುವುದಿಲ್ಲ. ಹಾಗಾಗಿ ಒಬ್ಬ ಮೇಲೆ ಕೂತು ಎರಡೂ ಕಾಲೂರಿ ಹಿಡಿದುಕೊಳ್ಳಬೇಕು, ಇನ್ನೊಬ್ಬ ಕೆಳಗೆ ಮಲಗಿ ಕೆಲಸ ಮಾಡಬೇಕು. ಆ ಗಾಡಿಯನ್ನು ಮುಟ್ಟಲು ಇವರಿಬ್ಬರೂ ಮೂರನೆಯವರನ್ನು ಬಿಟ್ಟವರಲ್ಲ.

ಗೇರ್ ಬೀಳುವುದು ಗಟ್ಟಿಯಾದಾಗ ಚಿಕ್ಕಪ್ಪ ಬೆಳಿಗ್ಗೆ ಗಾಡಿಯನ್ನು ನಾಲೆ ಸೇತುವೆವರೆಗೆ ಓಡಿಸಿಕೊಂಡು ಬಂದು ಎಣ್ಣೆ ಬಿಸಿ ಮಾಡುತ್ತಿದ್ದ. ಬಂದವನು ಇಳಿಯುತ್ತಿರಲಿಲ್ಲ, ಕಾಲೂರಿಕೊಂಡು, ಎದುರಿನ ತೆಂಗಿನಮರ ನೋಡುತ್ತಾ ಕೂತುಬಿಡುತ್ತಿದ್ದ. ಅದೇ ಕರೆ. ಒಳಗೆ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟು, ಸ್ಪ್ಯಾನರು, ಗೋಣಿತಾಟು, ಹಳೇ ಎಣ್ಣೆ ಹಿಡಿಯಲು ಒಂದು ಬಾಂಡ್ಲಿ ತಂದು ಕೆಳಗೆ ಮಲಗುತ್ತಿದ್ದ. ಬೋಲ್ಟು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಅದಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ನುಣ್ಣನೆಯ ಪುಡಿಯಾದರೆ ಸರಿ, ಚೂರು ಸಿಕ್ಕಿದರೆ ಒಳಗೆ ಗೇರು ಮುರಿಯುತ್ತಿದೆಯೆಂದು ಅರ್ಥ. ನೋಡಿ, ಸುಮ್ಮನೆ ಮೇಲಕ್ಕೆ ಚಾಚುತ್ತಿದ್ದ. ಚಿಕ್ಕಪ್ಪ ಬಗ್ಗಿ ನೋಡಿ ತಲೆ ಆಡಿಸುತ್ತಿದ್ದ.

ಆಮೇಲೆ ಮಾತು. ಗೋಡೆ ಎದ್ದ ಮೇಲೆ ಅಣ್ಣತಮ್ಮಂದಿರ ನಡುವೆ ಉಳಿದ ಮಾತೆಲ್ಲ ಇಷ್ಟೇ.

“ನೆಟ್ಟಗದಾ?”

“ಊಂ,” ಮೇಲಿನಿಂದ ಚಿಕ್ಕಪ್ಪ.

“ಬಿಗಿ ಆಯ್ತು.”

“ಇನ್ನೊಂಚೂರು.”

“ಸಾಕು, ತ್ರೆಡ್ ಓಯ್ತದೆ.”

ನಾನೂ ನಾಗೇಶನೂ ಜಗಲಿಯ ಮೇಲೆ ಪಕ್ಕಪಕ್ಕ ಕೂತು, ಮುಂದಿನ ಮಾತಿಗೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆವು. ಇವತ್ತು ಇನ್ನೊಂದು ಮಾತು ಆಡಿಯಾರು, ಇವತ್ತು ಗೋಡೆ ಬಿದ್ದೀತು ಅಂತ. ಒಂದು ಸಲ ಎಣ್ಣೆ ಅಪ್ಪನ ಮೀಸೆಗೆ ತೊಟ್ಟಿಕ್ಕಿ, ಮೇಲೆ ಕೂತ ಚಿಕ್ಕಪ್ಪನಿಗೆ ನಗು ತಡೆಯಲಾಗದೆ ಗಾಡಿಯೇ ಅಲ್ಲಾಡಿತು. ಕೆಳಗಿನಿಂದ ಅಪ್ಪನೂ ನಕ್ಕ ಸದ್ದು ಬಂತು. ಎದ್ದು ಬರುವಷ್ಟರಲ್ಲಿ ಮಾತ್ರ ಇಬ್ಬರ ಮುಖವೂ ಮೊದಲಿನಂತೆ ಗಂಟು. ಇಳಿಸಿದ ಹಳೇ ಎಣ್ಣೆಯನ್ನು ಅಜ್ಜಿ ಎರಡು ಕರಟಕ್ಕೆ ಹಂಚಿ, ಎರಡೂ ಮನೆಯ ಬಾಗಿಲ ಕೀಲುಗಳಿಗೆ ಬಿಡಿಸುತ್ತಿತ್ತು.

ನರಸೀಪುರದಲ್ಲಿ ಆ ಸ್ಟ್ಯಾಂಡ್ ವೆಲ್ಡಿಂಗ್ ಮಾಡಿಸುವುದು ಎಲೆಅಡಿಕೆ ಜಗಿಯುವಷ್ಟರ ಕೆಲಸ. ವಾರ ವಾರ ಇಬ್ಬರೂ ಆ ಅಂಗಡಿ ಮುಂದೆಯೇ ಹಾದು ಬರುತ್ತಿದ್ದರು. ಅವ್ವ ಕೇಳಿದಾಗಲೆಲ್ಲ ಅಪ್ಪ “ಮಾಡ್ಸಣ ಬುಡು” ಅನ್ನುತ್ತಿದ್ದ. ಗೋಡೆಯಾಚೆ ಚಿಕ್ಕವ್ವ ಕೇಳಿದರೂ ಅದೇ ಉತ್ತರವಂತೆ. ಅವ್ವ ಬಿಡದೆ ಕೆದಕಿದ್ದಕ್ಕೆ ಒಂದು ದಿನ ಅಜ್ಜಿ ಗದರಿಕೊಂಡಿತು: “ಸುಮ್ಕಿರವ್ವ. ಅದ್ನ ಮಾಡ್ಸುದ್ರೆ ಇವ್ರಿಬ್ರೂ ಪೂರ್ತಿ ಕೆಟ್ರು.” ಅವ್ವ ಮತ್ತೆ ಆ ಮಾತು ಎತ್ತಲಿಲ್ಲ.

ಅಜ್ಜಿ ಹೋಯಿತು. ನಾವು ಬೆಳೆದೆವು. ನಾನು ಮದುವೆಯಾಗಿ ನಂಜನಗೂಡಿಗೆ ಬಂದೆ. ಚಿಕ್ಕಪ್ಪ ಒಂದು ಮಧ್ಯಾಹ್ನ ಎದೆ ನೋವು ಅಂತ ಕೂತವನು ಆಸ್ಪತ್ರೆ ಮುಟ್ಟಲಿಲ್ಲ. ಹೆಣದ ಮುಂದೆ ಅಪ್ಪ ಕಂಬಕ್ಕೊರಗಿ ಕೂತಿದ್ದ, ಅಳಲಿಲ್ಲ. ನನಗೆ ಇವತ್ತಿಗೂ ಇಬ್ಬರ ಮೇಲೂ ಸಿಟ್ಟಿದೆ. ಹರಿದು ಹೋಗುವ ನೀರಿಗೆ ಇಷ್ಟು ವರ್ಷ ಕಳೆದರಲ್ಲ.

ತಿಥಿ ಕಳೆದ ಮೇಲೆ ನಾಗೇಶ, ವಯಸ್ಸಾದ ದೊಡ್ಡಪ್ಪನಿಗೆ ಸಲೀಸಾಗಲಿ ಅಂತ ಸ್ಟ್ಯಾಂಡ್ ಮಾಡಿಸಿದ. ಒಳ್ಳೇ ಮನಸ್ಸಿನಿಂದಲೇ ಮಾಡಿಸಿದ್ದು. ನಾನು ಊರಿಗೆ ಹೋಗಿದ್ದ ದಿನ ಗಾಡಿಯನ್ನು ಅದರ ಮೇಲೆ ಏರಿಸಿ, “ಇನ್ಮೇಲೆ ಒಬ್ರೇ ಮಾಡ್ಬೌದು ದೊಡ್ಡಪ್ಪ” ಅಂದ. ಅಪ್ಪ ಸ್ಟ್ಯಾಂಡನ್ನೇ ನೋಡಿದ. “ಯಾರ್ಲಾ ಮಾಡ್ಸು ಅಂದೋರು?” ಅಂದ, ಮೆಲ್ಲಗೆ. ಆಮೇಲೆ ತಾಟು ಹಾಸಿಕೊಂಡು ಕೆಳಗೆ ಮಲಗಿದ. ಎಣ್ಣೆ ಇಳಿಯಿತು. ಬೋಲ್ಟು ಒರೆಸಿದ, ಪುಡಿ ನೋಡಿದ, ಬಟ್ಟೆಯನ್ನು ಪಕ್ಕಕ್ಕಿಟ್ಟು ಬೋಲ್ಟು ತಿರುಗಿಸಿದ. ಕೆಳಗಿನಿಂದ ಕೇಳಿತು:

“ನೆಟ್ಟಗದಾ?”

ಸೀಟಿನ ಮೇಲೆ ಯಾರೂ ಇರಲಿಲ್ಲ. ನಾಗೇಶ ನನ್ನ ಮುಖ ನೋಡಿದ. ಅಪ್ಪ ತುಂಬ ಹೊತ್ತು ಗಾಡಿಯ ಕೆಳಗಿನಿಂದ ಎದ್ದು ಬರಲಿಲ್ಲ.

ಈಗ ಅಪ್ಪನೂ ಇಲ್ಲ. ತೊಟ್ಟಿಮನೆ ಕೆಡವಿ, ಆ ಜಾಗದಲ್ಲಿ ನಾಗೇಶ ತಾರಸಿ ಮನೆ ಕಟ್ಟಿದ್ದಾನೆ. ಗಾಡಿಯನ್ನು ಹಳೇ ಗಾಡಿಗಳ ಹುಚ್ಚಿನ ಯಾರೋ ಹುಲ್ಲಹಳ್ಳಿ ಕಡೆಯವರು ಒಯ್ದರು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಬೋಲ್ಟು ಬಿಗಿಯಲು ಮತ್ತೆ ಬಗ್ಗಿದಾಗ ನಾನು ಸ್ಟೂಲಿನಿಂದ ಎದ್ದುಹೋಗಿ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡೆ.

“ಬುಡಿ ಮೇಡಂ, ಸ್ಟ್ಯಾಂಡ್ ಆಕೀವ್ನಿ. ಅದೇ ನಿಂತ್ಕತದೆ” ಅಂದ.

ಗೊತ್ತು ಅಂದೆ. ಕೈ ತೆಗೆಯಲಿಲ್ಲ.